ಮಾಂಸ ಕೆಡುವ ಹೊತ್ತು

ಕೋಳಿ ಮಾಂಸದಲ್ಲಿ ಇವತ್ತು ಎಷ್ಟು ಬ್ಯಾಕ್ಟೀರಿಯಾ ಇದೆ ಎಂದು ಎಣಿಸುವ ಕೆಲಸವನ್ನು ನಾನು ಎಂಟು ವರ್ಷ ಮಾಡಿದೆ. ನಾಳೆ, ನಾಡಿದ್ದು ಎಷ್ಟಾಗುತ್ತದೆ ಎಂದು ಮೊದಲೇ ಹೇಳುವ ಕೆಲಸವನ್ನು ಆಮೇಲೆ ಹದಿನೈದು ವರ್ಷ ಮಾಡಿದೆ. ಮೊದಲನೆಯದರಲ್ಲಿ ಬೇಸರವಿತ್ತು, ಎರಡನೆಯದರಲ್ಲಿ ನೆಮ್ಮದಿ ಇರಲಿಲ್ಲ. ನಿವೃತ್ತಿಯಾಗಿ ಎರಡು ವರ್ಷವಾದರೂ, ಪಕ್ಕದ ಮನೆಯವರು ಮಾಂಸದ ಚೀಲವನ್ನು ಸ್ಕೂಟರಿಗೆ ನೇತುಹಾಕಿಕೊಂಡೇ ಗೇಟಿನಲ್ಲಿ ನಿಂತು ಹರಟುತ್ತಿದ್ದರೆ ನನ್ನ ಕಣ್ಣು ಗಡಿಯಾರದ ಕಡೆ ಹೋಗುತ್ತದೆ. ಈಗ ಈ ಕೆಲಸಕ್ಕೆ ಸೇರುತ್ತಿರುವ ಹುಡುಗಿಯರು ಫೋನ್ ಮಾಡಿ, ನಿಮ್ಮ ಕಾಲದಲ್ಲಿ ಹೇಗಿತ್ತು ಮೇಡಂ ಎಂದು ಕೇಳುತ್ತಾರೆ. ಫೋನಿನಲ್ಲಿ ಹೇಳಿ ಮುಗಿಯುವುದಿಲ್ಲ. ಅದಕ್ಕೇ ಬರೆಯಲು ಕೂತೆ, ಅದೂ ಮೂರು ಸಲ ಎದ್ದು ಓಡಾಡಿದ ಮೇಲೆ.

ನಾನು ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯವಳು. ರಾಗಿ, ದ್ರಾಕ್ಷಿ, ಒಂದಿಷ್ಟು ಹಿಪ್ಪುನೇರಳೆ ಬೆಳೆಯುವ ಮನೆ. ದೊಡ್ಡಬಳ್ಳಾಪುರದ ಕಡೆ ಒಂದು ಕೋಳಿ ಸಂಸ್ಕರಣಾ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಾಗ ನಮ್ಮಣ್ಣ ನಾರಾಯಣಪ್ಪನೇ ಬೈಕಿನಲ್ಲಿ ಕೂರಿಸಿಕೊಂಡು ಹೋಗಿ ಬಿಟ್ಟು ಬಂದ. ಕೋಳಿ ಕುಯ್ಯೋ ಜಾಗದಲ್ಲಿ ಬಿ.ಎಸ್ಸಿ. ಓದಿದೋಳಿಗೆ ಏನು ಕೆಲಸ ಎಂದು ದಾರಿಯುದ್ದಕ್ಕೂ ಕೇಳಿದ. ನನಗೂ ಗೊತ್ತಿರಲಿಲ್ಲ.

ಕೆಲಸವೆಂದರೆ ಇಷ್ಟು. ಮಾಂಸದ ಚೂರನ್ನು ನೀರಿನಲ್ಲಿ ಕಲಕಿ, ಆ ನೀರನ್ನು ಹತ್ತು ಪಾಲು, ನೂರು ಪಾಲು ತೆಳುಮಾಡಿ, ಗಾಜಿನ ತಟ್ಟೆಗಳಲ್ಲಿ ಹಾಕಿ ಬೆಚ್ಚಗಿಡುವುದು. ಎರಡು ದಿನ ಕಳೆದರೆ ತಟ್ಟೆಯ ತುಂಬ ಸಾಸಿವೆ ಕಾಳಿನಂಥ ಚುಕ್ಕಿಗಳು ಏಳುತ್ತವೆ. ಅವನ್ನು ಒಂದೊಂದಾಗಿ ಎಣಿಸಿ ವರದಿ ಬರೆಯುವುದು. ಆ ಎರಡು ದಿನದಲ್ಲಿ ಮಾಂಸ ಅಂಗಡಿಗೆ ಹೋಗಿ, ಸಾರಾಗಿ, ಉಂಡವರ ಹೊಟ್ಟೆಯಲ್ಲಿ ಕರಗಿಯೂ ಹೋಗಿರುತ್ತಿತ್ತು. ಒಂದು ಸಲ ನಾನು ಬರೆದ ವರದಿಯಲ್ಲಿ ಎಣಿಕೆ ಮಿತಿ ಮೀರಿತ್ತು. ಗಾಬರಿಯಿಂದ ಪ್ರಯೋಗಾಲಯದ ಮುಖ್ಯಸ್ಥರಾದ ಪದ್ಮನಾಭ ಸರ್ ಬಳಿ ಓಡಿದೆ. ಅವರು ಕನ್ನಡಕ ತೆಗೆದು, ಆ ಕೋಳಿ ಈಗ ಎಲ್ಲಿದೆ ಎಂದು ಕೇಳಿದರು. ಮೊನ್ನೆಯೇ ನೆಲಮಂಗಲದ ಗೋದಾಮಿಗೆ ಹೋಗಿ, ಅಲ್ಲಿಂದ ಅಂಗಡಿಗಳಿಗೆ ಹಂಚಿಹೋಗಿದೆ ಎಂದೆ. ಅವರು ಬೈಯಲಿಲ್ಲ, ವರದಿಯನ್ನು ಕಡತಕ್ಕೆ ಸೇರಿಸಲು ಹೇಳಿದರು, ಅಷ್ಟೆ. ಬೈದಿದ್ದರೆ ಚೆನ್ನಾಗಿತ್ತು. ಆ ವಾರವಿಡೀ ಪತ್ರಿಕೆಯಲ್ಲಿ ನೆಲಮಂಗಲದ ಸುದ್ದಿ ಹುಡುಕಿದೆ. ಯಾರಿಗೂ ಏನೂ ಆಗಿರಲಿಲ್ಲ. ಆದರೆ ಅಲ್ಲಿಂದ ನನ್ನ ಮೈಗೆ ಒಂದು ತಳಮಳ ಅಂಟಿಕೊಂಡಿತು.

ಆ ದಿನಗಳಲ್ಲಿ ನನಗೆ ನಿಜವಾದ ಪಾಠ ಹೇಳಿದವರು ಕತ್ತರಿಸುವ ವಿಭಾಗದ ಮೇಸ್ತ್ರಿ ಖಲೀಲ್ ಭಾಯ್. ದೊಡ್ಡಬಳ್ಳಾಪುರದ ಪೇಟೆಯಲ್ಲಿ ಅವರ ಅಪ್ಪನ ಕಾಲದಿಂದ ಮಾಂಸದ ಅಂಗಡಿ ಇತ್ತು. ಕೋಳಿಯ ರೆಕ್ಕೆಯ ಕಂಕುಳಿಗೆ ಹೆಬ್ಬೆರಳು ಒತ್ತಿ, ಬೆರಳಿಗೆ ಬೆರಳು ಉಜ್ಜಿ, ಇದು ನಾಳೆ ಮಧ್ಯಾಹ್ನದ ತನಕ ಎಂದು ಹೇಳುತ್ತಿದ್ದರು. ನಾನು ಅದೇ ಕೋಳಿಯ ತಟ್ಟೆ ಎಣಿಸಿ ಎರಡು ದಿನದ ಮೇಲೆ ನೋಡಿದರೆ ಬಹುಪಾಲು ಅವರ ಮಾತೇ ಸರಿ. ನಿಮ್ಮ ಬೆರಳಿಗೆ ನನ್ನ ಸಂಬಳ ಕೊಡಬೇಕು ಭಾಯ್ ಎಂದಾಗ ಅವರು ಹೇಳಿದ ಮಾತನ್ನು ನಾನು ಹೊಸಬರಿಗೆಲ್ಲ ಹೇಳುತ್ತಾ ಬಂದಿದ್ದೇನೆ.

"ಕೆಡೋ ಮಾಂಸ ನನ್ಗೆ ಗೊತ್ತಾಗುತ್ತೆ ಮೇಡಂ, ಅದು ವಾಸನೆ ಕೊಡುತ್ತೆ, ಜಿಗಟು ಕೊಡುತ್ತೆ. ಮನುಷ್ಯರನ್ನ ಮಲಗಿಸೋದು ಇದ್ಯಲ್ಲ, ಅದು ವಾಸನೇನೇ ಕೊಡಲ್ಲ. ಅದನ್ನ ನೀವು ಹಿಡೀಬೇಕು."

ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಬಂದಾಗ ನಮ್ಮ ಕೆಲಸದ ರೀತಿಯೇ ಬದಲಾಯಿತು. ರಸ್ತೆ ಅಗಲವಾಯಿತು, ಗೊತ್ತಿದ್ದ ಮರಗಳು ಹೋದವು, ವಿಮಾನಗಳಿಗೆ ಊಟ ಕಳಿಸುವ ಅಡುಗೆಮನೆಯೊಂದು ನಮ್ಮ ಕೋಳಿ ಕೊಳ್ಳತೊಡಗಿತು. ಅವರಿಗೆ ಮೊನ್ನೆಯ ವರದಿ ಬೇಡ. ಈ ಡಬ್ಬದ ಮಾಂಸ ಇನ್ನು ಎಷ್ಟು ಗಂಟೆ ಇರುತ್ತದೆ, ಬರೆದು ಕೊಡಿ ಎಂದರು. ಪದ್ಮನಾಭ ಸರ್ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆಗೆ ಹೋಗಿ ಎರಡು ವಾರ ಕಲಿತು ಬಂದರು. ಬಂದವರು ನನ್ನನ್ನು ಕೂರಿಸಿಕೊಂಡು, ನಿಮ್ಮ ಮನೆಯಲ್ಲಿ ದೋಸೆ ಹಿಟ್ಟು ಚಳಿಗಾಲದಲ್ಲಿ ಹುಳಿ ಬರಲು ಎಷ್ಟು ಹೊತ್ತು, ಬೇಸಿಗೆಯಲ್ಲಿ ಎಷ್ಟು ಹೊತ್ತು ಎಂದು ಕೇಳಿದರು. ಹೇಳಿದೆ. ನಿಮ್ಮಮ್ಮ ಅದನ್ನು ಹಿಟ್ಟು ನೋಡದೆಯೇ ಹೇಳುತ್ತಾರೆ ತಾನೆ, ನಾವು ಮಾಂಸದ ವಿಷಯದಲ್ಲಿ ಅದನ್ನೇ ಕಲಿಯಬೇಕು ಎಂದರು.

ಅಷ್ಟೇ ಈ ವಿದ್ಯೆ. ಬ್ಯಾಕ್ಟೀರಿಯಾ ಹೊಸ ಜಾಗಕ್ಕೆ ಬಂದಾಗ ಸ್ವಲ್ಪ ಹೊತ್ತು ಸುಮ್ಮನಿರುತ್ತದೆ. ಆಮೇಲೆ ಒಂದು ಎರಡಾಗಿ, ಎರಡು ನಾಲ್ಕಾಗಿ ಹೆಚ್ಚುತ್ತದೆ. ಚೆನ್ನಾಗಿ ತಣ್ಣಗಿದ್ದರೆ ಒಂದು ಎರಡಾಗಲು ಸುಮಾರು ಅರ್ಧ ದಿನ ಹಿಡಿಯುತ್ತದೆ, ಬೇಸಿಗೆಯ ಬಿಸಿಲಲ್ಲಿ ಗಂಟೆಯೂ ಬೇಡ. ಮೊದಲು ಎಷ್ಟಿತ್ತು, ಯಾವ ತಾಪದಲ್ಲಿ ಎಷ್ಟು ಹೊತ್ತು ಇತ್ತು, ಇವೆರಡು ಗೊತ್ತಾದರೆ ಮುಂದಿನದನ್ನು ಲೆಕ್ಕ ಹಾಕಬಹುದು. ಆದರೆ ನಮ್ಮ ಕೋಳಿಗೆ, ನಮ್ಮ ನೀರಿಗೆ ಆ ಲೆಕ್ಕ ಹೊಂದಬೇಕಲ್ಲ. ಅದಕ್ಕಾಗಿ ಹತ್ತು ತಿಂಗಳು ನಾನು ಮಾಂಸದ ಚೂರುಗಳನ್ನು ಬೇರೆ ಬೇರೆ ತಾಪದ ಪೆಟ್ಟಿಗೆಗಳಲ್ಲಿಟ್ಟು ನಾಲ್ಕು ಗಂಟೆಗೊಮ್ಮೆ ತೆಗೆದು ಪರೀಕ್ಷಿಸಿದೆ. ಭಾನುವಾರವೂ ಅಷ್ಟೆ. ಮನೆಯಲ್ಲಿ ಕೂತರೆ, ಈಗ ಹದಿನೈದು ಡಿಗ್ರಿಯ ಪೆಟ್ಟಿಗೆಯಲ್ಲಿ ಎಷ್ಟಾಗಿರಬಹುದು ಎಂಬುದೇ ಧ್ಯಾನ. ಊಟಕ್ಕೆ ಕೂತು ಅರ್ಧಕ್ಕೆ ಎದ್ದು ಫ್ರಿಜ್ಜಿನ ಹಾಲು ಮುಟ್ಟಿ ನೋಡಿ ಬರುತ್ತಿದ್ದೆ. ನಮ್ಮ ಯಜಮಾನರು ಅದನ್ನು ನೋಡಿ ನೋಡಿ, ಕೊನೆಗೆ ಫ್ರಿಜ್ಜಿನ ಪಕ್ಕಕ್ಕೇ ನನ್ನ ಕುರ್ಚಿ ಹಾಕಿಬಿಟ್ಟರು.

ಲೆಕ್ಕ ಹೊಂದತೊಡಗಿದಾಗ ಆದ ಖುಷಿಯನ್ನು ಮುಚ್ಚಿಡುವುದಿಲ್ಲ. ಗುರುವಾರ ಸಂಜೆ ಇಷ್ಟಾಗುತ್ತದೆ ಎಂದು ಬರೆದಿಟ್ಟು, ಗುರುವಾರ ಸಂಜೆ ಪರೀಕ್ಷೆ ಮಾಡಿದರೆ ಅಷ್ಟೇ ಇರುತ್ತಿತ್ತು. ತಲೆ ಕೊಂಚ ತಿರುಗಿತು. ಅದರ ಬೆನ್ನಿಗೇ ನನ್ನ ದೊಡ್ಡ ತಪ್ಪು ನಡೆಯಿತು.

ಏಪ್ರಿಲ್ ತಿಂಗಳು. ನಮ್ಮ ತಾಲ್ಲೂಕಿನದೇ ವಿಜಯಪುರದ ಒಂದು ಮನೆಯಿಂದ ಬೀಗರೂಟಕ್ಕೆ ಕೋಳಿ ಬೇಕೆಂದು ಕೇಳಿದ್ದರು. ಕುರಿಮರಿ ಕುಯ್ಯುವುದರ ಜೊತೆಗೆ ಕೋಳಿಯೂ ಇರಲಿ, ಶುಚಿಯಾದದ್ದು ಕಾರ್ಖಾನೆಯಿಂದಲೇ ಬರಲಿ ಎಂಬುದು ಹುಡುಗಿಯ ಅಪ್ಪನ ಆಸೆ. ಆ ದಿನ ಕಾರ್ಖಾನೆಯಲ್ಲಿ ಕೆಲಸ ಹೆಚ್ಚಿತ್ತು, ತಣ್ಣಗಾಗಲು ಬೇಕಾದಷ್ಟು ಹೊತ್ತು ಕೊಡದೆ ಡಬ್ಬಗಳನ್ನು ಒಂದರ ಮೇಲೊಂದು ಒಟ್ಟಿಬಿಟ್ಟಿದ್ದರು. ಖಲೀಲ್ ಭಾಯ್ ಬಂದು, ನಡುವಿನ ಡಬ್ಬಗಳು ನನಗ್ಯಾಕೋ ಸರಿ ಕಾಣ್ತಿಲ್ಲ ಎಂದರು. ನಾನು ಶೀತಲ ಕೋಣೆಯ ಗೋಡೆಯ ಮೇಲಿದ್ದ ತಾಪಮಾಪಕ ನೋಡಿದೆ. ನಾಲ್ಕು ಡಿಗ್ರಿ. ಅದನ್ನೇ ಕಂಪ್ಯೂಟರಿಗೆ ಕೊಟ್ಟೆ. ಮೂರು ದಿನ ಇರುತ್ತದೆ ಎಂದು ಬಂತು. ಅದನ್ನು ಖಲೀಲ್ ಭಾಯ್ ಮುಂದೆ ಹಿಡಿದೆ. ಅವರು ಪರದೆಯನ್ನು ನೋಡಲಿಲ್ಲ, ನನ್ನ ಮುಖ ನೋಡಿ ಹೋದರು. ನಾನು ಸಹಿ ಹಾಕಿದೆ.

ಮರುದಿನ ಬೆಳಿಗ್ಗೆ ವಿಜಯಪುರದಲ್ಲಿ ಅಡುಗೆಯವರು ನಡುವಿನ ಡಬ್ಬಗಳ ಮುಚ್ಚಳ ತೆಗೆದಾಗ ಚಪ್ಪರದಲ್ಲಿದ್ದವರೆಲ್ಲ ಮೂಗು ಮುಚ್ಚಿಕೊಂಡರಂತೆ. ಗುಂಡಿ ತೋಡಿ ಎಲ್ಲವನ್ನೂ ಹೂತರು. ಅಕ್ಕಪಕ್ಕದ ಹಳ್ಳಿಗಳಿಗೆ ಜನ ಹೋಗಿ ಮನೆಮನೆಯಿಂದ ನಾಟಿಕೋಳಿ ಹಿಡಿದು ತಂದರು. ಒಂದು ಗಂಟೆಗೆ ಆಗಬೇಕಿದ್ದ ಊಟ ನಾಲ್ಕಕ್ಕೆ ಆಯಿತು, ಗಂಡಿನ ಕಡೆಯ ಹಿರಿಯರು ಕೆಲವರು ಉಣ್ಣದೆ ಹೊರಟುಹೋದರು. ಕ್ಷಮೆ ಕೇಳಲು ನೀನೇ ಹೋಗು ಎಂದು ಪದ್ಮನಾಭ ಸರ್ ನನ್ನನ್ನು ಕಳಿಸಿದರು. ನಾನು ಹೋದಾಗ ಹುಡುಗಿಯ ಅಪ್ಪ ಎಲೆ ಎತ್ತಿಸುತ್ತಿದ್ದರು. ನನ್ನ ಕೈಯಲ್ಲಿ ವರದಿಯ ಪ್ರತಿ ಇತ್ತು. ಗೋಡೆಯ ತಾಪ, ಲೆಕ್ಕ ಅಂತ ಏನೇನೋ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ನಿಮ್ ಕಾಗ್ದ ಚೆನ್ನಾಗೈತಮ್ಮ," ಎಂದರು. "ಆ ಡಬ್ಬದೊಳಗೆ ಒಂದ್ ಸಲ ಕೈ ಇಟ್ ನೋಡಿದ್ರೆ ಆಗ್ತಿತ್ತಲ್ಲ."

ಅವರು ನನಗೂ ಎಲೆ ಹಾಕಿಸಿದರು. ಉಣ್ಣದೆ ಬರಲು ಬಿಡಲಿಲ್ಲ. ಅಲ್ಲಿಂದ ಬಂದವಳು ಮೊದಲು ಖಲೀಲ್ ಭಾಯ್ ಹತ್ತಿರ ಹೋಗಿ ತಪ್ಪಾಯಿತು ಎಂದೆ. ಮರುದಿನದಿಂದ ನನ್ನ ಜೇಬಿನಲ್ಲಿ ಉದ್ದ ಸೂಜಿಯ ತಾಪಮಾಪಕ ಇರತೊಡಗಿತು. ನಡುವಿನ ಸಾಲಿನ ನಡುವಿನ ಡಬ್ಬ, ಅದರೊಳಗಿನ ಕೋಳಿಯ ಎದೆಯ ಮಾಂಸಕ್ಕೆ ಚುಚ್ಚಿ ನೋಡದೆ ನಾನು ಇನ್ನೆಂದೂ ಸಹಿ ಹಾಕಲಿಲ್ಲ.

ಇದಾಗಿ ಕೆಲವು ವರ್ಷಕ್ಕೆ ನಡೆದದ್ದನ್ನು ಹೇಳಲೇಬೇಕು. ನಿಜ ಹೇಳಬೇಕೆಂದರೆ ಅದಕ್ಕಾಗಿಯೇ ಬರೆಯಲು ಕೂತದ್ದು.

ನಮ್ಮ ಹೋಬಳಿಯ ಜಮೀನನ್ನು ಕೈಗಾರಿಕೆಗೆ ತೆಗೆದುಕೊಳ್ಳುತ್ತಾರೆಂದು ನೋಟಿಸು ಬಂದಿತ್ತು. ನಮ್ಮಣ್ಣನ ದ್ರಾಕ್ಷಿ ತೋಟವೂ ಅದರಲ್ಲಿತ್ತು. ಒಂದು ಬೆಳಿಗ್ಗೆ ಹಳ್ಳಿಗಳವರೆಲ್ಲ ಸೇರಿ ದೇವನಹಳ್ಳಿ ಹತ್ತಿರ ರಸ್ತೆಗೆ ಅಡ್ಡ ಕೂತರು. ದೊಡ್ಡಬಳ್ಳಾಪುರದಿಂದ ವಿಮಾನದ ಅಡುಗೆಮನೆಗೆ ಹೊರಟಿದ್ದ ನಮ್ಮ ಕೋಳಿಯ ವ್ಯಾನು ಅಲ್ಲಿ ಸಿಕ್ಕಿಬಿತ್ತು. ಹಿಂದೆ ಲಾರಿಗಳ ಸಾಲು, ತಿರುಗಿಸಲೂ ಜಾಗವಿಲ್ಲ. ಮ್ಯಾನೇಜರ್ ನನ್ನನ್ನು ಕರೆಸಿ, ಅವರು ನಿಮ್ಮೂರಿನವರು ತಾನೆ, ಹೋಗಿ ಒಂದು ಮಾತು ಹೇಳಿ ದಾರಿ ಬಿಡಿಸಿ ಎಂದರು. ಜೀಪಿನಲ್ಲಿ ಹೋದೆ. ಕೊನೆಯ ಒಂದು ಮೈಲಿ ನಡೆದೆ.

ತಲುಪಿದಾಗ ಮಧ್ಯಾಹ್ನ ಒಂದು ಗಂಟೆ. ರಸ್ತೆಯ ಬದಿಯಲ್ಲಿ ಕಲ್ಲಿನ ಒಲೆ ಹೂಡಿ ಅನ್ನಕ್ಕೆ ಎಸರಿಟ್ಟಿದ್ದರು. ಒಂದು ದೊಡ್ಡ ಪಾತ್ರೆಯಲ್ಲಿ ಸೊಪ್ಪಿನ ಸಾರು ಕುದಿಯುತ್ತಿತ್ತು. ಅಣ್ಣ ಹೆಗಲ ಮೇಲೆ ಹಸಿರು ಟವೆಲ್ ಹಾಕಿಕೊಂಡು ಮುಂದಿನ ಸಾಲಿನಲ್ಲೇ ಕೂತಿದ್ದ. ನನ್ನನ್ನು ನೋಡಿ ಎದ್ದು ಬಂದ. ನಾನು ಬಂದದ್ದು ಚಳವಳಿಗಲ್ಲ, ವ್ಯಾನಿಗೆ ಎಂದು ನನ್ನ ಬಿಳಿ ಕೋಟು ನೋಡಿಯೇ ಅವನಿಗೆ ತಿಳಿಯಿತು. ದಾರಿ ಕೇಳಲು ನನಗೆ ಬಾಯಿ ಬರಲಿಲ್ಲ. ವ್ಯಾನಿನ ಹತ್ತಿರ ಹೋದೆ.

ಡ್ರೈವರ್ ಮುನಿರಾಜು ಡೀಸೆಲ್ ಮುಗಿಯುತ್ತದೆಂದು ಎಂಜಿನ್ ನಿಲ್ಲಿಸಿ ಎರಡು ಗಂಟೆ ಮೇಲಾಗಿತ್ತು. ಎಂಜಿನ್ ನಿಂತರೆ ತಂಪೂ ನಿಲ್ಲುತ್ತದೆ. ಸಾಲದ್ದಕ್ಕೆ, ಒಳಗೆ ಹೇಗಿದೆ ನೋಡೋಣವೆಂದು ಬಾಗಿಲನ್ನೂ ಎರಡು ಮೂರು ಸಲ ತೆಗೆದಿದ್ದ. ನಾನು ಹತ್ತಿ ನಾಲ್ಕು ಡಬ್ಬಗಳಿಗೆ ಸೂಜಿ ಚುಚ್ಚಿದೆ. ಒಂಬತ್ತು, ಹನ್ನೊಂದು, ಹನ್ನೊಂದು, ಬಾಗಿಲ ಪಕ್ಕದ್ದು ಹದಿನಾಲ್ಕು. ಒಟ್ಟು ಅರವತ್ತು ಡಬ್ಬ. ಆಚೆ ಜನ ಕೂಗುತ್ತಿದ್ದರು, ಹಿಂದಿನ ಲಾರಿಗಳವರು ಹಾರನ್ ಒತ್ತುತ್ತಿದ್ದರು. ಉಳಿದ ಡಬ್ಬಗಳನ್ನು ಎಳೆದು ಚುಚ್ಚುವಷ್ಟು ಜಾಗವೂ ಇರಲಿಲ್ಲ, ತಾಳ್ಮೆಯೂ ಇರಲಿಲ್ಲ. ನಾಲ್ಕು ಡಬ್ಬಕ್ಕೇ ನಿಲ್ಲಿಸಿ ಇಳಿದುಬಿಟ್ಟೆ.

ಡ್ರೈವರ್ ಸೀಟಿನಲ್ಲಿ ಕೂತು, ಯಾವ ತಾಪಕ್ಕೆ ಎಷ್ಟು ಹೊತ್ತು ಎಂದು ನಾನೇ ಬರೆದಿಟ್ಟಿದ್ದ ಕೋಷ್ಟಕ ತೆಗೆದು ಲೆಕ್ಕ ಹಾಕಿದೆ. ಮಾಂಸಕ್ಕೆ ವಾಸನೆಯಿಲ್ಲ, ಬಣ್ಣ ಚೆನ್ನಾಗಿದೆ. ಆದರೆ ಏಳು ಡಿಗ್ರಿ ದಾಟಿದರೆ ಸಾಲ್ಮೊನೆಲ್ಲಾ ಬೆಳೆಯಲು ಶುರುವಾಗುತ್ತದೆ. ಖಲೀಲ್ ಭಾಯ್ ಹೇಳಿದ, ವಾಸನೆ ಕೊಡದೆ ಮನುಷ್ಯರನ್ನು ಮಲಗಿಸುವ ಜಾತಿ ಅದೇ. ವಿಮಾನದ ಅಡುಗೆಮನೆಯವರು ಇದನ್ನು ಇನ್ನೂ ಎರಡು ದಿನ ಇಟ್ಟುಕೊಂಡು ಬಳಸುತ್ತಾರೆ. ಅಷ್ಟು ದಿನಕ್ಕೆ ಲೆಕ್ಕ ಒಪ್ಪಲಿಲ್ಲ. ಮ್ಯಾನೇಜರಿಗೆ ಫೋನಿನಲ್ಲಿ ಆಗುವುದಿಲ್ಲ ಎಂದೆ. ಅವರು ದನಿ ಏರಿಸಿದರು, ಪದ್ಮನಾಭ ಸರ್‌ಗೆ ಫೋನ್ ಕೊಟ್ಟರು. ಸರ್ ಹೇಳಿದ್ದು ಇಷ್ಟು: "ಅಲ್ಲಿರೋದು ನೀನು ಗಿರಿಜಾ, ನಾನಲ್ಲ. ನೀನು ಏನು ಬರೀತೀಯೋ ಅದೇ ವರದಿ." ಬಳಕೆಗೆ ಯೋಗ್ಯವಲ್ಲ ಎಂದು ಬರೆದು ಸಹಿ ಹಾಕಿದೆ. ಅಂಥ ಮೇಲಧಿಕಾರಿ ಸಿಕ್ಕಿದ್ದು ನನ್ನ ಪುಣ್ಯ.

ಅಲ್ಲಿಗೆ ಮುಗಿದಿದ್ದರೆ ಇದು ನನ್ನ ಹೆಮ್ಮೆಯ ಕಥೆಯಾಗುತ್ತಿತ್ತು.

ಅಣ್ಣ ವ್ಯಾನಿನ ಬಾಗಿಲಿಗೆ ಬಂದ. ಕೋಳಿ ಅಡುಗೆಮನೆಗೆ ಹೋಗುವುದಿಲ್ಲ, ವಾಪಸು ಹೋಗಿ ಯಂತ್ರದಲ್ಲಿ ಪುಡಿಯಾಗಿ ಗೊಬ್ಬರಕ್ಕೆ ಹೋಗುತ್ತದೆ ಎಂದು ಮುನಿರಾಜು ಅವನಿಗೆ ಹೇಳಿಬಿಟ್ಟಿದ್ದ.

"ಪುಡಿ ಮಾಡೋ ಬದ್ಲು ನಮ್ಗೆ ಕೊಡು," ಎಂದ ಅಣ್ಣ. "ಬೆಳಿಗ್ಗೆಯಿಂದ ಮುನ್ನೂರು ಜನ ಕೂತವ್ರೆ. ಒಲೆ ಉರೀತೈತೆ, ಇಲ್ಲೇ ಬೇಯಿಸ್ಕೊಂತೀವಿ."

ಕೋಷ್ಟಕ ನನ್ನ ತೊಡೆಯ ಮೇಲೇ ಇತ್ತು. ಎರಡು ದಿನಕ್ಕೆ ಒಪ್ಪದ ಲೆಕ್ಕ ಒಂದು ಗಂಟೆಗೆ ಒಪ್ಪುತ್ತಿತ್ತು. ಈಗಲೇ ಒಲೆಗೆ ಹಾಕಿ ಚೆನ್ನಾಗಿ ಬೇಯಿಸಿ ಬಿಸಿಯಾಗಿ ಉಂಡರೆ, ಆ ನಾಲ್ಕು ಡಬ್ಬದ ಮಟ್ಟಿಗೆ ಭಯವಿರಲಿಲ್ಲ. ಉಳಿದ ಐವತ್ತಾರು? ಅವುಗಳೊಳಗೆ ನಾನು ಕೈ ಇಟ್ಟಿರಲಿಲ್ಲ. ವಿಜಯಪುರದ ಚಪ್ಪರ ಕಣ್ಣ ಮುಂದೆ ಬಂತು. ಈಗಷ್ಟೇ ಯೋಗ್ಯವಲ್ಲ ಎಂದು ಬರೆದ ಕಾಗದ ಜೇಬಿನಲ್ಲಿತ್ತು. ಅದನ್ನು ಬರೆದವಳೇ ಊರವರಿಗೆ ಹಂಚಿದಳು ಎಂದರೆ ನನ್ನ ಕೆಲಸವೂ ಉಳಿಯುತ್ತಿರಲಿಲ್ಲ. ಇವುಗಳಲ್ಲಿ ಯಾವುದು ನನ್ನ ಬಾಯಿ ಕಟ್ಟಿತು ಎಂದು ಈಗಲೂ ಬಿಡಿಸಿ ಹೇಳಲಾರೆ.

"ಕೊಡಕ್ಕಾಗಲ್ಲಣ್ಣ," ಎಂದೆ.

"ಕೆಟ್ಟೋಗೈತಾ?"

ನಾನು ಕೋಷ್ಟಕ ಮಡಿಚತೊಡಗಿದೆ. ಅವನು ಒಂದು ಡಬ್ಬ ತೆಗೆದು ಮೂಸಿ ನೋಡಿದ. ಹಾಗೇ ನನ್ನನ್ನೂ ನೋಡಿದ. ಹಿಂದೆ ನಿಂತಿದ್ದ ನಮ್ಮೂರಿನ ಹೆಂಗಸೊಬ್ಬರು, ನನ್ನನ್ನು ಸೊಂಟದ ಮೇಲೆ ಎತ್ತಿ ಆಡಿಸಿದವರು, ಯಾರಿಗೂ ಹೇಳದವರಂತೆ ಹೇಳಿದರು: "ನಮ್ ಹೊಲ ಬೇಕಂತೆ ಇವ್ರಿಗೆ. ಕೋಳಿ ಮಾತ್ರ ನಮ್ಗೆ ಕೊಡಕ್ಕಾಗಲ್ವಂತೆ."

ಅಣ್ಣ ಡಬ್ಬದ ಮುಚ್ಚಳ ಹಾಕಿ ಮೊದಲಿದ್ದ ಜಾಗದಲ್ಲೇ ಇಟ್ಟು ಹೋದ. ಮೂರು ಗಂಟೆಗೆ ಪೊಲೀಸರು ಒಂದು ಬದಿ ತೆರವು ಮಾಡಿಸಿ ನಮ್ಮ ವ್ಯಾನನ್ನು ಹಿಂದಕ್ಕೆ ತಿರುಗಿಸಿದರು. ಊಟಕ್ಕೆ ಕೂತಿದ್ದವರು ಎಲೆಯಿಂದ ತಲೆ ಎತ್ತಿ ನೋಡಿದರು. ಅನ್ನ, ಸೊಪ್ಪಿನ ಸಾರು. ನಾನು ಮುನಿರಾಜುವಿನ ಪಕ್ಕದಲ್ಲಿ ಕೂತು ಕಾರ್ಖಾನೆಗೆ ಮರಳಿದೆ. ಅರವತ್ತು ಡಬ್ಬವೂ ಅವತ್ತೇ ಪುಡಿಯಾಯಿತು.

ಆ ವರ್ಷ ಗೌರಿ ಹಬ್ಬಕ್ಕೆ ತವರಿನ ಬಾಗಿನ ಬರಲಿಲ್ಲ. ಮರುವರ್ಷ ಅತ್ತಿಗೆ ಒಬ್ಬರೇ ತಂದುಕೊಟ್ಟರು. ಆಮೇಲೆ ಅಣ್ಣನೂ ಬಂದು ಹೋಗಿ ಮಾಡತೊಡಗಿದ, ಮಕ್ಕಳ ಮದುವೆಗಳು ನಡೆದವು, ಆದರೆ ವ್ಯಾನಿನ ಮಾತನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಕೆಲಸದಲ್ಲಿ ಮಾತ್ರ ನಾನು ಇನ್ನೂ ಚಡಪಡಿಸುವವಳಾದೆ. ನಾಲ್ಕು ಡಬ್ಬ ಸಾಲದು ಎಂದು ಹತ್ತು ಚುಚ್ಚುತ್ತಿದ್ದೆ, ಹತ್ತಾದ ಮೇಲೆ ಹನ್ನೊಂದನೆಯದು ಹೇಗಿದೆಯೋ ಎನ್ನಿಸುತ್ತಿತ್ತು.

ಈಗ ನಿಮಗೆ ಅದೆಲ್ಲ ಬೇಕಿಲ್ಲ. ಡಬ್ಬಕ್ಕೊಂದು ಬಟನ್ನಿನಷ್ಟು ಚಿಕ್ಕ ಯಂತ್ರ ಹಾಕುತ್ತೀರಿ, ಅದು ದಾರಿಯುದ್ದಕ್ಕೂ ತಾಪ ಬರೆದುಕೊಳ್ಳುತ್ತದೆ, ಫೋನಿನಲ್ಲಿ ಗೆರೆ ಏರುವುದು ಕಾಣುತ್ತದೆ. ಆ ಗೆರೆ ತುಂಬ ತೆಳ್ಳಗೆ, ಖಚಿತವಾಗಿ ಕಾಣುತ್ತದೆ, ನನ್ನ ಭಯ ಅದೇ. ನಿಜಕ್ಕೂ ಅದು ಗೆರೆಯಲ್ಲ, ಗದ್ದೆಯ ಬದುವಿನಷ್ಟು ಅಗಲ. ಅದರ ಈ ಅಂಚಿಗೂ ಆ ಅಂಚಿಗೂ ನಡುವೆ ನಮಗೆ ತಿಳಿಯದ್ದೇ ಹೆಚ್ಚು. ನಿವೃತ್ತಿಯಾದ ಮೇಲೆ, ನನ್ನ ಕೈಕೆಳಗೆ ಕಲಿತ ರೂಪಾ ಎಂಬ ಹುಡುಗಿ ಹೊಸ ಲೆಕ್ಕದ ಪ್ರೋಗ್ರಾಂ ಒಂದನ್ನು ನನ್ನ ಕಂಪ್ಯೂಟರಿಗೆ ಹಾಕಿಕೊಟ್ಟಳು. ಹಳೆಯ ಡೈರಿ ತೆಗೆದು ಅವತ್ತಿನ ತಾಪಗಳನ್ನು ಅದಕ್ಕೆ ಕೊಟ್ಟೆ. ಉಳಿದ ಡಬ್ಬಗಳು ಹೇಗಿದ್ದಿರಬಹುದು ಎಂದು ಹತ್ತಾರು ಬಗೆಯಲ್ಲಿ ಊಹಿಸಿ ಕೊಟ್ಟೆ. ಒಂದು ಗಂಟೆಯೊಳಗೆ ಬೇಯಿಸಿದ್ದರೆ ಯಾರಿಗೂ ಏನೂ ಆಗುತ್ತಿರಲಿಲ್ಲ ಎಂದೇ ಪ್ರತಿ ಸಲವೂ ಬಂತು.

ಹೋದ ತಿಂಗಳು ಅಣ್ಣ ಕಣ್ಣಿನ ಆಸ್ಪತ್ರೆಗೆಂದು ಬಂದವನು ನಮ್ಮಲ್ಲೇ ಉಳಿದಿದ್ದ. ಬೆಳಿಗ್ಗೆ ಕಾಫಿ ಕುಡಿಯುವಾಗ ಇದ್ದಕ್ಕಿದ್ದಂತೆ ನಾನೇ ಹೇಳಿಬಿಟ್ಟೆ. ಅವತ್ತಿನ ಕೋಳಿ ಕೆಟ್ಟಿರಲಿಲ್ಲ ಅಣ್ಣ, ಬೇಯಿಸಿ ಉಣ್ಣಬಹುದಿತ್ತು ಎಂದೆ. ಅವನು ಲೋಟ ಕೆಳಗಿಟ್ಟ. ಯಾವ ಕೋಳಿ ಎಂದು ಕೇಳಲಿಲ್ಲ.

"ಅವತ್ತು ಯಾಕೆ ಹೇಳ್ಲಿಲ್ಲ?"

"ಅವತ್ತು ಪೂರ್ತಿ ಗೊತ್ತಿರ್ಲಿಲ್ಲ. ನಾಲ್ಕೇ ಡಬ್ಬ ನೋಡಿದ್ದೆ."

"ಹಂಗೇ ಹೇಳ್ಬೋದಿತ್ತಲ್ಲಮ್ಮ," ಎಂದ. ಕೋಪವಿರಲಿಲ್ಲ, ಅದೇ ಹೆಚ್ಚು ಚುಚ್ಚಿತು. "ನಾಲ್ಕ್ ನೋಡಿವ್ನಿ, ಉಳಿದಿದ್ದು ಗೊತ್ತಿಲ್ಲ ಅಂತ. ಕೊಡೋದು ಬಿಡೋದು ಆಮೇಲಿನ ಮಾತು. ನೀನು ಕಾರಣಾನೂ ಹೇಳ್ದೆ ನಮ್ಮುನ್ನ ಬೇಡ ಅನ್ನಿಸ್ಕೊಳ್ಳೋ ಜನ ಮಾಡ್ದೆ."

ನಾನು ಎದ್ದು ಹೋಗಿ ಡೈರಿ ತಂದು ಅವನ ಮುಂದಿಟ್ಟೆ. ದ್ರಾಕ್ಷಿಗೆ ಔಷಧಿ ಹೊಡೆಯುವ ಲೆಕ್ಕವನ್ನು ವರ್ಷಗಟ್ಟಲೆ ಬರೆದಿಟ್ಟವನು ಅವನು, ಅಂಕಿಗಳೆಂದರೆ ಹೆದರುವವನಲ್ಲ. ಪುಟವನ್ನು ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ, ಬೆರಳಿಟ್ಟು ಓದಿದ. ಇದೊಂದು ಯಾಕೆ ಹದಿನಾಲ್ಕು ಎಂದು ಕೇಳಿದ. ಬಾಗಿಲ ಪಕ್ಕದ್ದು, ಬಾಗಿಲು ತೆಗೆದಾಗಲೆಲ್ಲ ಬಿಸಿಗಾಳಿ ಹೊಡೆದಿತ್ತು ಎಂದೆ.

"ಬಾಗ್ಲತ್ರದ್ದು ನಾನಾದ್ರೂ ಬಿಡ್ತಿದ್ದೆ," ಎಂದ. "ಉಳಿದಿದ್ದು ಬೇಯಿಸ್ತಿದ್ದೆ."